ಎರಡನೆಯ ಲಕೋಟೆ

ಚರ್ಚಿನ ನೆಲಮಾಳಿಗೆಯಲ್ಲಿ, ಗಂಡನ ಶವಸಂಸ್ಕಾರಕ್ಕೆ ಬಂದಿದ್ದ ದೊಡ್ಡ ಹೂಚಕ್ರಕ್ಕೆ ಸುತ್ತಿದ್ದ ರೇಷ್ಮೆ ಪಟ್ಟಿಯನ್ನು ಆರ್ಡಿಸ್ ಗೋಡೆಯ ಕಡೆ ತಿರುಗಿಸುತ್ತಿದ್ದಾಗ ಡೆಲ್ಫಾ ಹಿಂದಿನಿಂದ ಬಂದು ನಿಂತಳು. ಪಟ್ಟಿಯ ಮೇಲೆ ಬಂಗಾರದ ಅಕ್ಷರಗಳಲ್ಲಿ ‘ಗೆಳೆಯ ನಾರ್ವಲ್‌ಗೆ, ಸಂಸದ ಕಲ್ವರ್’ ಎಂದಿತ್ತು.

“ಯಾಕೆ ಮುಚ್ತೀಯ? ಅವರಿಬ್ಬರ ದೋಸ್ತಿ ಊರಿಗೇ ಗೊತ್ತು.”

“ಇವತ್ತೊಂದಿನ ಸುಮ್ನಿರೇ ಡೆಲ್ಫಾ.”

“ಸುಮ್ನೇ ಇದೀನಿ. ಬನ್ನಿಗೆ ಬೆಣ್ಣೆ ಹಚ್ಚೋಕೆ ಬಂದೆ, ಹಚ್ಚಿ ಹೋಗ್ತೀನಿ.”

ಸತ್ತವರ ಮನೆಯ ಊಟವನ್ನು ಚರ್ಚಿನ ಹೆಂಗಸರು ಸರದಿಯ ಮೇಲೆ ಮಾಡುತ್ತಿದ್ದರು. ಈ ತಿಂಗಳ ಸರದಿ ಡೆಲ್ಫಾಳದು. ಇಲ್ಲದಿದ್ದರೆ ಬರುತ್ತಿದ್ದಳೋ ಇಲ್ಲವೋ. ಮೂವತ್ತೊಂದು ವರ್ಷದಿಂದ ಸೊಲ್ಬರ್ಗಿನ ಅಂಚೆ ಕಚೇರಿ ನಡೆಸುತ್ತಿದ್ದವಳು ಅವಳು. ಎಂಟು ವರ್ಷದ ಹಿಂದೆ ಅದರ ಹೊತ್ತನ್ನು ದಿನಕ್ಕೆ ಎರಡು ಗಂಟೆಗೆ ಇಳಿಸಿದರು. ಅಂದಿನಿಂದ ಅವಳು ನಾರ್ವಲ್ ಹೌಗನ್‌ನ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಮುಂದಿನ ತಿಂಗಳ ಕೊನೆಗೆ ಪೂರ್ತಿ ಮುಚ್ಚುತ್ತೇವೆ ಎಂಬ ನೋಟೀಸು ಈಗ ಅಂಚೆ ಕಚೇರಿಯ ಬಾಗಿಲಿಗೆ ಬಿದ್ದಿತ್ತು.

ಆರ್ಡಿಸ್ ತನ್ನ ಕೈಚೀಲವನ್ನು ಕಂಕುಳಿಗೆ ಒತ್ತಿಕೊಂಡಳು. ಅದರಲ್ಲಿ ಇದ್ದದ್ದನ್ನು ಇವತ್ತು ಡೆಲ್ಫಾಳ ಮುಂದೆ ಇಡದಿದ್ದರೆ ಇನ್ನೆಂದೂ ಇಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಮೇಲೆ ಆರ್ಗನ್ ನುಡಿಯತೊಡಗಿತು. ಇಬ್ಬರೂ ಮೆಟ್ಟಿಲು ಹತ್ತಿದರು.

*

ಸಕ್ಕರೆ ಕಂಪನಿಯ ಅಂಗಳದಲ್ಲಿ ಬೀಟ್ ಗಡ್ಡೆಗಳನ್ನು ಗುಡ್ಡದಂತೆ ಒಟ್ಟಿಸುವ ಮೇಲ್ವಿಚಾರಕನಾಗಿ ನಾರ್ವಲ್ ಮೂವತ್ತನಾಲ್ಕು ವರ್ಷ ದುಡಿದ. ಕಂಪನಿ ತನ್ನ ಹಣವನ್ನು ಸಂಸದರ ಚುನಾವಣೆಗೆ ಕೊಡುವಂತಿರಲಿಲ್ಲ, ಅದು ಕಾನೂನು. ಮೇಲ್ವಿಚಾರಕರೂ ಅವರ ಮೇಲಿನವರೂ ತಮ್ಮ ಸಂಬಳದಿಂದ ಇಷ್ಟಪಟ್ಟು ಕೊಟ್ಟದ್ದನ್ನು ಒಂದು ನಿಧಿಯಲ್ಲಿ ಕೂಡಿಸಿ ಕೊಡಬಹುದಿತ್ತು. ಕೊಡದಿದ್ದರೂ ಯಾರೂ ಏನೂ ಅನ್ನುವುದಿಲ್ಲ ಎಂದು ಪ್ರತಿ ವರ್ಷ ಹೇಳುತ್ತಿದ್ದರು. ಅಷ್ಟು ಸಲ ಹೇಳಿದ್ದರಿಂದಲೇ ಎಲ್ಲರೂ ಕೊಡುತ್ತಿದ್ದರು.

ವಸಂತದಲ್ಲಿ ನಿಧಿಯವರು ಸಂಸದರನ್ನು ಕಾಣಲು ವಾಷಿಂಗ್‌ಟನ್‌ಗೆ ಹೋಗುವಾಗ ಅಂಗಳದಲ್ಲಿ ದುಡಿಯುವ ಒರಟು ಕೈಯವನೊಬ್ಬನನ್ನು ಜೊತೆಗೆ ಕರೆದೊಯ್ಯುವುದು ವಾಡಿಕೆ. ಎಂಟು ವರ್ಷದ ಹಿಂದೆ ನಾರ್ವಲ್‌ನ ಸರದಿ ಬಂತು. ಊರಿನ ಅಂಚೆಯ ಹೊತ್ತು ಇಳಿಸುತ್ತಾರೆಂಬ ಸುದ್ದಿ ಆಗಲೇ ಹಬ್ಬಿತ್ತು. ಡೆಲ್ಫಾ ಮನೆಮನೆ ತಿರುಗಿ ಸಹಿ ಹಾಕಿಸಿದ ಮನವಿಯನ್ನು ಅವನಿಗೆ ಕೊಟ್ಟಳು.

“ನಿನ್ನ ಕೈಯಲ್ಲೇ ಕೊಡಪ್ಪ. ಅಂಚೇಲಿ ಹಾಕಿದ್ರೆ ಸಾವಿರ ಕಾಗದದ ಅಡಿ ಬೀಳುತ್ತೆ.”

“ನೀನೇ ಹೀಗಂದ್ರೆ?” ಎಂದು ನಾರ್ವಲ್ ನಕ್ಕಿದ್ದ.

ಹೀಗೆ ಸಂಸದರ ಕಚೇರಿಯ ಬಾಗಿಲಲ್ಲಿ ನಿಂತಾಗ ಅವನ ಕೋಟಿನಲ್ಲಿ ಎರಡು ಲಕೋಟೆಗಳಿದ್ದವು. ನಿಧಿಯ ಚೆಕ್ಕನ್ನು ಗೌರವಕ್ಕೆಂದು ಅವನ ಕೈಗೇ ಕೊಟ್ಟಿದ್ದರು. ಯಾರ ಮನೆಗೆ ಹೋದರೂ ತಂದದ್ದನ್ನು ಹೊಸ್ತಿಲಲ್ಲೇ ಕೊಟ್ಟುಬಿಡುವುದು ನಾರ್ವಲ್‌ನ ಪದ್ಧತಿ. ಟೋಪಿ ತೆಗೆದು, ಚೆಕ್ಕಿನ ಲಕೋಟೆ ತೆಗೆದು, ಎದುರಿಗೆ ಬಂದ ಕಚೇರಿಯ ಹುಡುಗಿಗೆ ನೀಡಿದ. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

“ಸಾರ್, ಬೇಡ ಬೇಡ! ಇದು ಸರ್ಕಾರಿ ಕಟ್ಟಡ, ಚುನಾವಣೆ ದುಡ್ಡು ತಗೊಳ್ಳೋ ಹಾಗಿಲ್ಲ. ಇಲ್ಲಿ ಲಕೋಟೆ ಹೊರಗೆ ತೆಗೀಲೇಬೇಡಿ.”

ನಿಧಿಯ ಮುಖ್ಯಸ್ಥ ನಗುತ್ತ ಅವನ ಮೊಣಕೈ ಹಿಡಿದ. “ಸಂಜೆ ಊಟದ ಹತ್ರ ಕೊಡೋದು ಮಾರಾಯ. ಇಲ್ಲಿ ಕೊಟ್ರೆ ಎಲ್ಲರೂ ಜೈಲಿಗೆ.”

ಒಳಗೆ ಹತ್ತು ನಿಮಿಷ ಸಕ್ಕರೆಯ ಆಮದಿನ ಮಾತಾಯಿತು. ಹೆಪ್ಪುಗಟ್ಟಿದ ಗಡ್ಡೆ ಎಷ್ಟು ದಿನ ಕೆಡದೆ ಇರುತ್ತದೆಂದು ಕಲ್ವರ್ ಕೇಳಿದರು, ನಾರ್ವಲ್ ಹೇಳಿದ. ಮನವಿಗೆಂದು ಒಳಜೇಬಿನತ್ತ ಹೋದ ಅವನ ಕೈ, ಹುಡುಗಿಯ ಮಾತು ನೆನಪಾಗಿ, ಅಲ್ಲೇ ನಿಂತಿತು. ಸಂಜೆ ಹೋಟೆಲಿನಲ್ಲಿ ಚುನಾವಣೆಯ ಕೆಲಸದವನೊಬ್ಬ ಚೆಕ್ಕು ತೆಗೆದುಕೊಂಡ. ಎರಡನೆಯದನ್ನು ನೋಡಿ ತಲೆಯಾಡಿಸಿದ. “ಇದು ಸರ್ಕಾರದ ಕೆಲಸದ್ದು. ನಾನು ಮುಟ್ಟೋ ಹಾಗಿಲ್ಲ, ಕಚೇರೀಲಿ ಕೊಡಿ.”

“ಅಲ್ಲಿ ತೆಗೀಬೇಡಿ ಅಂದ್ರು, ಇಲ್ಲಿ ಮುಟ್ಟಲ್ಲ ಅಂದ್ರು,” ಎಂದು ನಾರ್ವಲ್ ಮನೆಗೆ ಬಂದು ಬೂಟು ಬಿಚ್ಚುತ್ತ ಹೇಳಿದ್ದ. ಮರುದಿನ ಅಂಚೆ ಕಚೇರಿಯಲ್ಲಿ ನಾಲ್ಕು ಜನರ ಮುಂದೆ ಡೆಲ್ಫಾ, “ಕೊಟ್ಟೆಯಾ?” ಎಂದಳು. “ಕೊಟ್ಟೆ,” ಎಂದ. ಆರ್ಡಿಸ್ ಪಕ್ಕದಲ್ಲಿ ನಿಂತು ಅಂಚೆಚೀಟಿಗಳನ್ನು ನೋಡುತ್ತಿದ್ದಳು.

*

ಮಣ್ಣು ಮಾಡಿ ಬಂದವರು ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಿದ್ದರು. ಅಡುಗೆಮನೆಯಲ್ಲಿ ಡೆಲ್ಫಾ ಒಬ್ಬಳೇ ಕಾಫಿಗೆ ನೀರು ಹಿಡಿಯುತ್ತಿದ್ದಳು. ಆರ್ಡಿಸ್ ಬಾಗಿಲು ಎಳೆದುಕೊಂಡು, ಕೈಚೀಲ ತೆರೆದು ಲಕೋಟೆಯನ್ನು ಅವಳ ಮುಂದಿಟ್ಟಳು.

ಡೆಲ್ಫಾ ತನ್ನದೇ ಕೈಬರಹವನ್ನು ಗುರುತಿಸಿದಳು. ನಲ್ಲಿ ನಿಲ್ಲಿಸಿದಳು. “ಕೊಟ್ಟೆ ಅಂದಿದ್ದ.”

“ಅಂದಿದ್ದ. ನಾನೂ ಬಾಯಿ ಮುಚ್ಕೊಂಡು ಪಕ್ಕದಲ್ಲೇ ನಿಂತಿದ್ದೆ.”

ಆರ್ಡಿಸ್ ನಡೆದದ್ದನ್ನೆಲ್ಲ ಹೇಳಿದಳು. ಹುಡುಗಿ ಕೈ ಬೆನ್ನ ಹಿಂದೆ ಇಟ್ಟುಕೊಂಡದ್ದು, ಹೋಟೆಲಿನವನು ತಲೆಯಾಡಿಸಿದ್ದು. ಡೆಲ್ಫಾ ಲಕೋಟೆ ತೆರೆದು ಹೆಸರುಗಳ ಮೇಲೆ ಬೆರಳಾಡಿಸಿದಳು. ಆ ಹೆಸರುಗಳಲ್ಲಿ ಎಷ್ಟೋ ಈಗ ಮೇಲಿನ ಸ್ಮಶಾನದ ಕಲ್ಲುಗಳ ಮೇಲಿದ್ದವು.

“ಇಷ್ಟು ವರ್ಷ ಆ ಕಲ್ವರ್‌ಗೆ ದಿನಾ ಶಾಪ ಹಾಕ್ದೆ,” ಎಂದಳು ಕೊನೆಗೆ. “ಪಾಪ, ಅವನಿಗೆ ಕಾಗದವೇ ಸಿಕ್ಕಿಲ್ಲ.”

“ನಾರ್ವಲ್‌ಗೆ ಹಾಕಿದ್ದು?”

“ಅದು ಸರಿಯಾದ ವಿಳಾಸಕ್ಕೇ ಹೋಗಿದೆ.”

ಆರ್ಡಿಸ್‌ಗೆ ಅಳು ಬಂತು. ಡೆಲ್ಫಾ ಅವಳ ಭುಜ ಮುಟ್ಟಲಿಲ್ಲ. ಪಾತ್ರೆ ಒರೆಸುವ ಬಟ್ಟೆಯನ್ನು ಅವಳತ್ತ ಎಸೆದು, ಲಕೋಟೆ ಹಿಡಿದು ಹೊರಗೆ ನಡೆದಳು.

ಸಂಸದರ ಪರವಾಗಿ ಬಂದಿದ್ದ ಟ್ರೆಂಟ್ ಎಂಬಾತ ಹಂದಿಮಾಂಸದ ಬನ್ನು ತಿನ್ನುತ್ತಿದ್ದ. ಡೆಲ್ಫಾ ಅವನ ತಟ್ಟೆಯ ಪಕ್ಕ ಲಕೋಟೆ ಇಟ್ಟಳು.

“ನಮ್ಮ ಅಂಚೆ ಕಚೇರಿ ಉಳಿಸಿ ಅಂತ ಇದು. ನಾರ್ವಲ್ ಕೊಡ್ಬೇಕಿತ್ತು, ಕೊಡೋಕಾಗ್ಲಿಲ್ಲ. ನೀನು ತಗೋಳಪ್ಪ.”

ಅವನು ಬಾಯಿ ಒರೆಸಿಕೊಂಡು ಎದ್ದು ನಿಂತ. “ಮೇಡಂ, ದುಃಖದ ದಿನ ಇಲ್ಲಿ ತಗೊಳ್ಳೋದು ಚೆನ್ನಾಗಿರಲ್ಲ. ಕಚೇರಿಗೆ ಕಳಿಸಿ, ದಾಖಲಾಗುತ್ತೆ.”

“ಹೇಗೆ ಕಳಿಸೋದು?”

“ಅಂಚೇಲಿ.”

ಪಕ್ಕದ ಮೇಜಿನ ಮುದುಕ ಓರಿನ್‌ಗೆ ಕಾಫಿ ಮೂಗಿಗೇರಿತು. ಕೆಮ್ಮುತ್ತ, ನಗುತ್ತ, ಮೇಜನ್ನು ಗುದ್ದಿದ. ಒಬ್ಬರಿಂದೊಬ್ಬರಿಗೆ ಹತ್ತಿ ಇಡೀ ನೆಲಮಾಳಿಗೆ ನಕ್ಕಿತು. ತಾನೇನು ಹೇಳಿದೆನೆಂದು ತಿಳಿಯದೆ ಟ್ರೆಂಟ್ ಕೂಡ ನಕ್ಕ.

“ಕೇಳಿದೆಯೇನೇ ಆರ್ಡಿಸ್? ಅಂಚೇಲಿ ಹಾಕಬೇಕಂತೆ,” ಎಂದು ಡೆಲ್ಫಾ ಏಪ್ರನ್ ಬಿಚ್ಚಿದಳು. “ಬಾ.”

ರಸ್ತೆಯಾಚೆಯ ಅಂಚೆ ಕಚೇರಿ ಆ ದಿನದ ಎರಡು ಗಂಟೆ ಮುಗಿಸಿ ಮುಚ್ಚಿತ್ತು. ಡೆಲ್ಫಾ ನೋಟೀಸಿನ ಪಕ್ಕದ ಬೀಗ ತೆರೆದು ದೀಪ ಹಾಕಿದಳು. ಕಪ್ಪು ಕೋಟಿನವರು ಕಾಫಿ ಲೋಟಗಳನ್ನು ಹಿಡಿದುಕೊಂಡೇ ಹಿಂದೆ ಬಂದರು. ಒಳಗೆ ಜಾಗ ಸಾಲದೆ ಕೆಲವರು ಮೆಟ್ಟಿಲ ಮೇಲೆ ನಿಂತರು. ಅವಳು ಕೌಂಟರಿನ ಆಚೆ ಹೋಗಿ, ಕನ್ನಡಕ ಹಾಕಿಕೊಂಡು, ಲಕೋಟೆ ಅಂಟಿಸಿ ತೂಕಕ್ಕಿಟ್ಟಳು.

“ಕಳಿಸೋರು ಯಾರು?” ಎಂದಳು, ಗುರುತಿಲ್ಲದವರನ್ನು ಕೇಳುವಂತೆ.

“ನೀನೇ ಅಲ್ವಾ ಬರೆದದ್ದು. ನಿನ್ನ ಹೆಸರೇ ಹಾಕು.”

ಡೆಲ್ಫಾ ಪೆನ್ನು ತೆಗೆದುಕೊಂಡಳು. ಆಮೇಲೆ ಎಡ ಮೂಲೆಯಲ್ಲಿ ನಿಧಾನವಾಗಿ ‘ನಾರ್ವಲ್ ಹೌಗನ್, ಸೊಲ್ಬರ್ಗ್’ ಎಂದು ಬರೆದು, ಅಂಚೆಚೀಟಿ ಹಚ್ಚಿ, ಮುದ್ರೆ ಒತ್ತಿದಳು. ಮಸಿ ಹೆಚ್ಚಾಗಿ ಅಕ್ಷರಗಳು ತೇವದಿಂದ ಹೊಳೆದವು. ಲಕೋಟೆಯನ್ನು ಮುಖದ ಹತ್ತಿರ ಹಿಡಿದು ಅವಳು ಊದತೊಡಗಿದಳು. ಆರ್ಡಿಸ್ ಕೌಂಟರಿನ ಮೇಲೆ ಬಾಗಿ ಈ ಕಡೆಯಿಂದ ತಾನೂ ಊದಿದಳು.