ಟ್ರೇಯಲ್ಲಿ ಹತ್ತು ಜನ

"ಅಮ್ಮ ತೂಕ ಹಾಕಲ್ಲ," ಎಂದಳು ದೊಡ್ಡ ಮಗಳು.

ಅವನು ತಕ್ಕಡಿಯ ಮೇಲಿದ್ದ ಬೆಣ್ಣೆಯಿಂದ ಚಾಕುವಿನ ತುದಿಯಲ್ಲಿ ಒಂದು ಚೂರು ತೆಗೆದ. ಅಂಕಿ ನೂರೈವತ್ತಕ್ಕೆ ಬಂದು ನಿಂತಿತು.

"ಮತ್ತೆ ಹೇಗೆ ಮಾಡ್ತಾಳೆ?"

"ಹಿಡಿ ಮುರಿದಿರೋ ಕಪ್ಪು ಇದೆಯಲ್ಲ, ಅದರಲ್ಲಿ. ಒಂದು ಕಪ್ಪು ಸಕ್ಕರೆ, ಎರಡೂವರೆ ಕಪ್ಪು ಹಿಟ್ಟು. ಬೆಣ್ಣೆ ಅಂದಾಜು."

"ಅಂದಾಜು ಅಂದ್ರೆ ಎಷ್ಟು?"

"ಅಂದಾಜು ಅಂದ್ರೆ ಅಂದಾಜು."

"ನನ್ನ ಮಾನ ತೆಗೀಬೇಡ ಕಣೇ," ಹಜಾರದಿಂದ ಹೆಂಡತಿ ಕೂಗಿದಳು. "ಮಾಸ್ಟರ್ ಮುಂದೆ ಯಾರಾದ್ರೂ ಅಂದಾಜು ಅಂತಾರಾ?"

ಬೇಕರಿಯಲ್ಲಿ ಎಲ್ಲರೂ ಅವನನ್ನು ಮಾಸ್ಟರ್ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಹಾಗೆ ಕರೆದರೆ ಅದು ಚುಚ್ಚುಮಾತು ಎಂದು ಮಕ್ಕಳಿಗೂ ಗೊತ್ತಿತ್ತು. ಹಬ್ಬದ ದಿನ ಬೇಕರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಮದುವೆಯಾದ ಹನ್ನೊಂದು ವರ್ಷವೂ ಅವನು ಹಬ್ಬದ ಮುಂಜಾನೆ ಮೂರು ಗಂಟೆಗೆ ಹೋಗಿ, ಸಂಜೆ ನೆಂಟರೆಲ್ಲ ಹೊರಟ ಮೇಲೆ ಮನೆಗೆ ಬಂದವನು. ಈ ವರ್ಷ ಹದಿನೈದು ದಿನದ ಹಿಂದೆ ಹೆಂಡತಿ ಮೆಟ್ಟಿಲ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಅದಕ್ಕೇ ಅವನು ಮೊದಲ ಸಲ ಹಬ್ಬಕ್ಕೆ ರಜೆ ಕೇಳಿದ್ದು. ರಜೆ ಸಿಕ್ಕಿತೆಂದು ಮನೆಗೆ ಬಂದು ಹೇಳಿದಾಗ ದೊಡ್ಡವಳು, "ಅಪ್ಪ ಬೇಡ, ಬಿಸ್ಕತ್ತು ನಾನೇ ಮಾಡ್ತೀನಿ," ಎಂದಿದ್ದಳು. ಒಂಬತ್ತು ವರ್ಷದವಳು ಒಬ್ಬಳೇ ಓವನ್ ಮುಟ್ಟಕೂಡದು ಎಂದು ಅಮ್ಮ ಹೇಳಿದ್ದರಿಂದ ಕೊನೆಗೆ ಒಪ್ಪಿದ್ದಳು. ಇವತ್ತು ಅವಳ ಜೊತೆ ಜಗಳವಿಲ್ಲದೆ ಒಂದು ಟ್ರೇ ಬಿಸ್ಕತ್ತು ಇಳಿಸಿದರೆ ಸಾಕು ಎಂದು ಅವನು ಬೆಳಗ್ಗೆ ಮುಖ ತೊಳೆಯುವಾಗಲೇ ಅಂದುಕೊಂಡಿದ್ದ.

ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ಅವನು ಹಿಟ್ಟು ಕಲಸಿದ. ಚಿಕ್ಕವಳು ಸ್ಟೂಲಿನ ಮೇಲೆ ನಿಂತು, ಕಲಸಿದ ಹಿಟ್ಟನ್ನು ಉಗುರಿನಷ್ಟಷ್ಟೇ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಾಲ್ಕು ವರ್ಷದ ಅವಳನ್ನು ಮನೆಯಲ್ಲಿ ಇಲಿಮರಿ ಎನ್ನುತ್ತಿದ್ದುದು ಸುಮ್ಮನೆ ಅಲ್ಲ. ಹಿಟ್ಟು ಅರ್ಧ ಗಂಟೆ ಫ್ರಿಜ್‌ನಲ್ಲಿ ಕೂತು ಹೊರಬಂದಾಗ ದೊಡ್ಡವಳು ಅದನ್ನು ಎರಡೂ ಕೈಯಿಂದ ತನ್ನ ಕಡೆ ಎಳೆದುಕೊಂಡಳು.

"ಇನ್ನು ನೀನು ಆ ಕಡೆ ತಿರುಗು."

"ಯಾಕೆ?"

"ತಿರುಗು ಅಂದ್ರೆ ತಿರುಗು."

ಅವನು ತಿರುಗಿ ಪಾತ್ರೆ ತೊಳೆದ. ಬೆನ್ನ ಹಿಂದೆ ಮುಕ್ಕಾಲು ಗಂಟೆ ಪಿಸುಮಾತು, ಕಿಸಿಕಿಸಿ ನಗು ನಡೆದಿತ್ತು. ಆಮೇಲೆ ಅಮ್ಮ ಕೂಗಿ, ಕೆಳಗಿನ ಟೈಲರ್ ಮನೆಯಿಂದ ಮಡಚುವ ಕುರ್ಚಿಗಳನ್ನು ತನ್ನಿ ಎಂದು ಇಬ್ಬರನ್ನೂ ಕಳಿಸಿದಳು. ನೋವಿನ ಮಾತ್ರೆ ನುಂಗಿ ತಾನೂ ಕೋಣೆಗೆ ಹೋಗಿ ಒರಗಿಕೊಂಡಳು.

ಅವನು ಟ್ರೇ ನೋಡಿದ. ಅದರಲ್ಲಿ ಹತ್ತು ಮುದ್ದೆಗಳಿದ್ದವು. ಒಂದಕ್ಕೆ ನಡುವೆ ಎರಡು ಬೆರಳು ದಪ್ಪ, ಪಕ್ಕದಲ್ಲಿ ಬೆಂಕಿಕಡ್ಡಿಯಂಥ ಎರಡು ಎಳೆ. ಇನ್ನೊಂದು ಒಂದು ಕಡೆಗೆ ವಾಲಿತ್ತು. ಮತ್ತೊಂದರ ಮೇಲೆ ಕಂಬದಂತೆ ಏನೋ ನಿಂತಿತ್ತು. ಟ್ರೇಯ ತುದಿಯಲ್ಲಿ ಒಣದ್ರಾಕ್ಷಿ ಸಿಕ್ಕಿಸಿದ ಒಂದು ಸಣ್ಣ ಉಂಡೆ. ಇದನ್ನು ಹೀಗೇ ಓವನ್ನಿಗಿಟ್ಟರೆ ತೆಳುವಾದದ್ದು ಎಂಟು ನಿಮಿಷಕ್ಕೆ ಸೀದು ಹೋಗುತ್ತದೆ, ದಪ್ಪವಾದದ್ದು ಇಪ್ಪತ್ತು ನಿಮಿಷವಾದರೂ ಒಳಗೆ ಹಸಿಯಾಗಿಯೇ ಇರುತ್ತದೆ. ಬೇಕರಿಗೆ ಹೊಸದಾಗಿ ಸೇರಿದವರು ಇಂಥ ಟ್ರೇ ತಂದಿಟ್ಟರೆ ಅವನು ಬೈಯುತ್ತಿರಲಿಲ್ಲ. ಸುಮ್ಮನೆ ತೆಗೆದು ಮತ್ತೆ ಮಾಡುತ್ತಿದ್ದ. ಈಗಲೂ ಅವನ ಕೈ ಅದನ್ನೇ ಮಾಡಿತು. ಎಲ್ಲ ಒಟ್ಟು ಸೇರಿಸಿ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಲೋಟದ ಬಾಯಿಂದ ಒತ್ತಿ ತೆಗೆದ. ಮೂವತ್ತೆರಡು ಬಂದವು. ಅಂಚಿನ ಚೂರೂ ವ್ಯರ್ಥವಾಗಲಿಲ್ಲ. ಮಕ್ಕಳಿಗೆ ಆಶ್ಚರ್ಯವಾಗಬಹುದು ಎಂದುಕೊಂಡು ಓವನ್ನಿಗಿಟ್ಟ.

ಕುರ್ಚಿಗಳ ಸದ್ದು ಮೆಟ್ಟಿಲು ಹತ್ತಿ ಬಂತು. ಇಲಿಮರಿ ಓಡಿಬಂದವಳೇ ಓವನ್ನಿನ ಗಾಜಿಗೆ ಮೂಗು ಒತ್ತಿ ನಿಂತಳು.

"ಬಿಸಿ, ಹಿಂದೆ ಬಾ," ಎಂದ ಅವನು.

ಅವಳು ಅರ್ಧ ಹೆಜ್ಜೆ ಹಿಂದೆ ಸರಿದಳು. "ಅಕ್ಕಾ, ಅಜ್ಜಿ ಎಲ್ಲಿ?"

ದೊಡ್ಡವಳು ಬಂದು ಬಗ್ಗಿ ನೋಡಿದಳು. ಒಳಗಿನ ಹಳದಿ ಬೆಳಕಿನಲ್ಲಿ ಮೂವತ್ತೆರಡು ಗುಂಡನೆಯ ಬಿಸ್ಕತ್ತು ಸಾಲಾಗಿ ಉಬ್ಬುತ್ತಿದ್ದವು. ಅವಳು ಬಹಳ ಹೊತ್ತು ನೋಡಿದಳು. ಅಳಲಿಲ್ಲ. ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ, ನಲ್ಲಿಯಡಿ ಕೈ ತೊಳೆದಳು. ಉಗುರಿನ ಸಂದಿಯ ಹಿಟ್ಟನ್ನೂ ಬಿಡದೆ ತೊಳೆದಳು.

"ಚೆನ್ನಾಗಿದೆ," ಎಂದಳು. "ಅಂಗಡೀಲಿ ಇರೋ ಥರಾನೇ ಇದೆ."

ಆಮೇಲೆ ಹಜಾರಕ್ಕೆ ಹೋಗಿ ಮೇಜಿನ ಮೇಲೆ ತಟ್ಟೆ ಜೋಡಿಸತೊಡಗಿದಳು.

ಅವನಿಗೆ ಏನೋ ತಪ್ಪಾಗಿದೆ ಎಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. ಟೈಮರ್ ಹೊಡೆದಾಗ ಟ್ರೇ ಇಳಿಸಿ ಕೋಣೆಗೆ ಹೋದ. ಹೆಂಡತಿ ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದಳು. ಅವನು ಹೇಳಿದ್ದನ್ನೆಲ್ಲ ಕೇಳಿ ಎದ್ದು ಕೂತಳು.

"ಅಯ್ಯೋ ನಿಮ್ಮ! ಅದು ನಮ್ಮ ಮನೆ ಜನ ಕಣ್ರೀ."

"ಜನ?"

"ಅಜ್ಜಿ, ಅತ್ತೆ, ಮಾವ, ಚಿಕ್ಕಪ್ಪ, ಚಿಕ್ಕಮ್ಮ, ಈ ಸಲ ಅವರ ಪಾಪು, ನಾವು. ಅವಳು ಮೂರು ವರ್ಷದವಳಿದ್ದಾಗಿಂದ ಮಾಡ್ತಿದ್ದಾಳೆ. ಬಂದವರೆಲ್ಲ ಟ್ರೇಯಲ್ಲಿ ತಮ್ಮನ್ನ ಹುಡುಕ್ಕೋಬೇಕು. ಸಿಗೋ ತನಕ ಊಟ ಇಲ್ಲ. ನಿಮ್ಮಕ್ಕ ಪ್ರತಿ ವರ್ಷ ಚಿಕ್ಕಮ್ಮನ್ನ ಎತ್ಕೊಂಡು ನಾನೇ ಅಂತ ಜಗಳ ಆಡ್ತಾರೆ."

"ನನಗೆ ಯಾರು ಹೇಳಿದ್ರು?"

"ನೀವು ಯಾವತ್ತು ಕೇಳಿದ್ರಿ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮದನ್ನ ಬೇರೆ ತಟ್ಟೇಲಿ ಮುಚ್ಚಿಡ್ತಾಳೆ. ತಲೆ ಮೇಲೆ ಟೋಪಿ ಇರುತ್ತಲ್ಲ, ಅದು ನೀವು. ಸಂಜೆ ಬರ್ತೀರಿ, ಟೀಗೆ ಅದ್ದಿ ಎರಡು ತುತ್ತಿಗೆ ಮುಗಿಸ್ತೀರಿ, ಮಲಗ್ತೀರಿ. ಅವಳು ಬಾಗಿಲಲ್ಲಿ ನಿಂತು ನೋಡ್ತಿರ್ತಾಳೆ."

ಅವನಿಗೆ ಆ ತಟ್ಟೆ ನೆನಪಿತ್ತು. ತಲೆಯ ಮೇಲೆ ಕಂಬವಿದ್ದ ಬಿಸ್ಕತ್ತೂ ನೆನಪಿತ್ತು. ಅಚ್ಚಿನಿಂದ ಸರಿಯಾಗಿ ಬಿಡಿಸಿಕೊಳ್ಳದ ಮುರುಕಲು ಎಂದು ತಿಳಿದಿದ್ದ. ಒಂದು ಸಲ ಅವಳಿಗೆ ಹೇಳಿಯೂ ಇದ್ದ: "ಒಡೆದದ್ದೆಲ್ಲ ನನಗಿರ್ಲಿ ಪುಟ್ಟಿ, ಚೆನ್ನಾಗಿರೋದು ನೀವು ತಿನ್ನಿ." ಒಳ್ಳೆಯ ಮಾತು ಆಡಿದೆನೆಂದು ಆಗ ಅನ್ನಿಸಿತ್ತು.

"ಅವಳನ್ನ ಕರೆದು ಮತ್ತೆ ಮಾಡು ಅನ್ನಲಾ?"

"ನೀವು ಕೆಡಿಸಿ, ಅವಳು ಮಾಡ್ಬೇಕಾ?"

ಗಂಟೆ ಹನ್ನೊಂದಾಗಿ ಹತ್ತು ನಿಮಿಷವಾಗಿತ್ತು. ನೆಂಟರು ಬರುವುದು ಹನ್ನೆರಡೂವರೆಗೆ. ಫ್ರಿಜ್‌ನಲ್ಲಿ ನೂರಾಹತ್ತು ಗ್ರಾಂ ಬೆಣ್ಣೆ, ಒಂದೇ ಮೊಟ್ಟೆ ಉಳಿದಿತ್ತು. ಅವನು ಮತ್ತೆ ಕಲಸಿದ. ಹಿಟ್ಟನ್ನು ಇಪ್ಪತ್ತು ನಿಮಿಷ ಫ್ರೀಜರಿನಲ್ಲಿಟ್ಟ. ಆಮೇಲೆ ನಿಂಬೆ ಗಾತ್ರದ ಉಂಡೆ ಕೈಯಲ್ಲಿ ಹಿಡಿದು ನಿಂತ. ದಿನಕ್ಕೆ ಎಂಟುನೂರು ಬನ್ನು ಕಣ್ಣುಮುಚ್ಚಿ ಉರುಳಿಸುವ ಕೈಗೆ ಅಜ್ಜಿಯನ್ನು ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗಲಿಲ್ಲ. ತಲೆ, ಮೈ, ಎರಡು ಕೈ. ಅಷ್ಟಾದರೆ ಅದು ಯಾರೂ ಆಗಬಹುದಿತ್ತು.

ಇಲಿಮರಿ ಸ್ಟೂಲು ಎಳೆದುಕೊಂಡು ಬಂದಳು. "ಇದು ಯಾರು?"

"ಅಜ್ಜಿ."

"ಅಲ್ಲ. ಇದು ಬಾಟ್ಲು."

"ಬಾಟ್ಲಿಗೆ ಕೈ ಇರುತ್ತಾ?"

"ಈ ಬಾಟ್ಲಿಗೆ ಇದೆ," ಎಂದು ಇಲಿಮರಿ ಗಂಭೀರವಾಗಿ ಹೇಳಿ ಹಜಾರಕ್ಕೆ ಓಡಿದಳು. ಅಲ್ಲಿ ಚಮಚಗಳ ಸದ್ದು ನಿಂತಿತು. ಅವಳು ವಾಪಸು ಬಂದಳು.

"ಅಕ್ಕ ಹೇಳಿದ್ಲು, ಅಜ್ಜಿಗೆ ಈ ಕಡೆ ಭುಜ ಕೆಳಗೆ."

"ಯಾವ ಕಡೆ?"

ಇಲಿಮರಿ ತನ್ನ ಎರಡೂ ಕೈ ನೋಡಿಕೊಂಡು ಮತ್ತೆ ಓಡಿದಳು. "ಎಡಗಡೆ ಅಂತೆ!" ಎಂದು ಅಲ್ಲಿಂದಲೇ ಕೂಗಿದಳು.

ಅವನು ಎಡ ಭುಜವನ್ನು ಹೆಬ್ಬೆರಳಿನಿಂದ ಕೆಳಕ್ಕೆ ಒತ್ತಿದ. ಬಾಟಲಿ ಥಟ್ಟನೆ ಅಜ್ಜಿಯಾಯಿತು. ಬಾಗಿಲಲ್ಲಿ ಚೀಲ ಹಿಡಿದು ನಿಂತು, ಒಳಗೆ ಬರಲೋ ಬೇಡವೋ ಎನ್ನುವಂತೆ ನೋಡುವ ಅವನ ಹೆಂಡತಿಯ ತಾಯಿ. ಹನ್ನೊಂದು ವರ್ಷದಿಂದ ನೋಡುತ್ತಿದ್ದವರ ಭುಜ ಹಾಗಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಆಮೇಲಿನದೆಲ್ಲ ದೂತಿಯ ಮೂಲಕ ನಡೆಯಿತು. "ಅಕ್ಕ ಹೇಳಿದ್ಲು, ಮಾವ ಅಷ್ಟು ಸಣ್ಣ ಇಲ್ಲ." "ಅಕ್ಕ ಹೇಳಿದ್ಲು, ಅತ್ತೆಗೆ ಕುತ್ತಿಗೆ ಬೇಡ." "ಅಕ್ಕ ಹೇಳಿದ್ಲು, ಚಿಕ್ಕಪ್ಪನ ಕಾಲು ಹೀಗೆ ಅಗಲ." ಸ್ವಂತ ಅಕ್ಕನಿಗೆ ಕುತ್ತಿಗೆ ಇಲ್ಲವೆಂಬುದನ್ನು ಅವನು ಮಗಳಿಂದ ತಿಳಿದ. ನಗು ಬಂತು. ಹಜಾರದಲ್ಲೂ ಯಾರೋ ನಗು ತಡೆದುಕೊಂಡಂತೆ ಕೇಳಿಸಿತು, ಅದು ಹೆಂಡತಿಯೂ ಇರಬಹುದು. ಹೆಂಡತಿಗೆ ಅವನು ಒಂದು ಕೈ ದಪ್ಪ ಮಾಡಿದ. ಯಾರನ್ನೂ ಕೇಳದೆ ಮಾಡಿದ್ದು ಅದೊಂದೇ. ತೆಳು ಕೈಕಾಲುಗಳು ಸೀಯದಂತೆ ಮೇಲೆ ಬೆಣ್ಣೆ ಸವರಿದ ಕಾಗದದ ಪಟ್ಟಿ ಮುಚ್ಚಿದ. ಎಂಟು ಮಂದಿ ಟ್ರೇಯಲ್ಲಿ ಮಲಗಿದರು.

ಒಂಬತ್ತನೆಯದಕ್ಕೆ ಅವನ ಕೈ ನಿಂತಿತು.

"ಪಾಪು ಮಾಡು," ಎಂದಳು ಇಲಿಮರಿ.

ಚಿಕ್ಕಪ್ಪನ ಮಗುವಿಗೆ ನಾಲ್ಕು ತಿಂಗಳು. ಮನೆಯವರೆಲ್ಲ ಎರಡು ಸಲ ಹೋಗಿ ನೋಡಿ ಬಂದಿದ್ದರು. ಎರಡೂ ಸಲ ಅವನು ಪಾಳಿಯಲ್ಲಿದ್ದ.

"ಹೋಗಿ ಅಕ್ಕನ್ನ ಕೇಳು," ಎಂದ. ಆಮೇಲೆ, ಅವಳು ಹೊರಡುವ ಮೊದಲೇ, ಹಜಾರಕ್ಕೆ ಕೇಳುವಷ್ಟು ಜೋರಾಗಿ ತಾನೇ ಹೇಳಿದ: "ಪಾಪು ಹೇಗಿದೆ ಅಂತ ನನಗೆ ಗೊತ್ತಿಲ್ಲ. ನಾನು ನೋಡೇ ಇಲ್ಲ."

ಹಜಾರದಲ್ಲಿ ಚಮಚಗಳನ್ನು ಮೇಜಿನ ಮೇಲೆ ಇಟ್ಟ ಸದ್ದಾಯಿತು. ಆಮೇಲೆ ದೊಡ್ಡವಳು ಬಾಗಿಲಲ್ಲಿ ಬಂದು ನಿಂತಳು. ಎರಡು ಕೈಯನ್ನು ಒಂದು ಮೊಳ ದೂರದಲ್ಲಿ ಹಿಡಿದು ತೋರಿಸಿದಳು.

"ಇಷ್ಟೇ. ಆದರೆ ತಲೆ ಇಷ್ಟು ದೊಡ್ಡದು. ಯಾವಾಗಲೂ ಮುಷ್ಟಿ ಬಾಯಲ್ಲಿ ಇಟ್ಕೊಂಡಿರುತ್ತೆ."

"ಅದು ನನಗೆ ಬರಲ್ಲ."

"ಗೊತ್ತು," ಎಂದು ಅವಳು ಏಪ್ರನ್ ಕಟ್ಟಿಕೊಳ್ಳದೆಯೇ ಉಂಡೆ ಕೈಗೆ ತೆಗೆದುಕೊಂಡಳು.

ಈ ಸಲ ಆ ಕಡೆ ತಿರುಗು ಎನ್ನಲಿಲ್ಲ. ಅವನು ಪಕ್ಕದಲ್ಲಿ ನಿಂತು ನೋಡಿದ. ಮೊದಲು ತಲೆ, ಅದಕ್ಕೆ ಅಂಟಿಕೊಂಡಂತೆ ಹೊಟ್ಟೆ, ಕಡಲೆಯಷ್ಟು ಮುಷ್ಟಿ, ಅದನ್ನು ಬಾಯಿಗೆ ತುರುಕಲು ಪೆನ್ಸಿಲ್ಲಿನ ತುದಿ. ಉಳಿದಿದ್ದ ಹಿಟ್ಟನ್ನೆಲ್ಲ ಅವಳು ಆ ಮಗುವಿಗೇ ಹಾಕಿದಳು. ಮುಗಿದಾಗ ಅದು ಮೂರು ಬೆರಳು ದಪ್ಪವಿತ್ತು. ಅವನ ಬಲಗೈ ತನ್ನಷ್ಟಕ್ಕೆ ಮೇಲೆದ್ದಿತು, ಅಂಗೈ ಅಗಲವಾಗಿ, ಮೆಲ್ಲಗೆ ಅದುಮಿ ತಟ್ಟುವ ಹಾಗೆ. ದೊಡ್ಡವಳು ಆ ಕೈಯನ್ನು ನೋಡಿದಳು. ಅವನು ಅದನ್ನು ಬೆನ್ನ ಹಿಂದೆ ತೆಗೆದುಕೊಂಡ.

"ಏನು?" ಎಂದಳು ಅವಳು.

"ಒಳಗೆ ಬೇಯಲ್ಲ."

"ಸುಳ್ಳು."

"ಸುಳ್ಳಲ್ಲ. ಮೇಲೆ ಕೆಂಪಾಗುತ್ತೆ, ನಡುವೆ ಹಸಿ ಇರುತ್ತೆ. ಮಾವನ ಹೊಟ್ಟೆ ಪ್ರತಿ ವರ್ಷ ಒಳಗೆ ಹಸಿ ಇರ್ತಿತ್ತೋ ಇಲ್ವೋ?"

ಅವಳು ಯೋಚಿಸಿದಳು. "ಇರ್ತಿತ್ತು. ಮಾವ ಅದೇ ಇಷ್ಟ ಅಂತಿದ್ರು." ಮತ್ತೆ ಮಗುವಿನ ಕಡೆ ನೋಡಿ, "ಹಾಗಾದ್ರೆ ಚಪ್ಪಟೆ ಮಾಡ್ಬೇಕಾ?" ಎಂದಳು. ಅವಳ ದನಿ ಸಣ್ಣಗಾಗಿತ್ತು.

"ಬೇಡ. ಬೇರೆಯವರು ಮೊದಲು ಆಗ್ಲಿ. ಇದೊಂದನ್ನೇ ಸಣ್ಣ ಉರಿಯಲ್ಲಿ ಇಡೋಣ. ನೂರಾ ನಲವತ್ತು ಡಿಗ್ರಿ. ಅರ್ಧ ಗಂಟೆ ಬೇಕು. ಯಾರಾದ್ರೂ ಕೂತು ನೋಡ್ಕೋಬೇಕು."

"ಬೇಕರೀಲಿ ಹಾಗೆ ಒಂದೇ ಇಡ್ತಾರಾ?"

"ಇಲ್ಲ. ಒಂದಕ್ಕೆ ಅರ್ಧ ಗಂಟೆ ಕೂತ್ರೆ ನನ್ನ ಕೆಲಸದಿಂದ ತೆಗೀತಾರೆ."

ಎಂಟು ಮಂದಿ ಹದಿಮೂರು ನಿಮಿಷದಲ್ಲಿ ಬೆಂದು ಹೊರಬಂದರು. ಯಾರ ಕೈಯೂ ಸೀದಿರಲಿಲ್ಲ. ಅವನು ಉರಿ ಇಳಿಸಿ, ಓವನ್ನಿನ ಬಾಗಿಲು ಸ್ವಲ್ಪ ತೆರೆದಿಟ್ಟು ಬಿಸಿ ಕಳೆಯಲು ಬಿಟ್ಟ. ಇಲಿಮರಿ ಬೆರಳು ಮಡಚಿ ಎಣಿಸುತ್ತ ಟ್ರೇಯ ಸುತ್ತ ಬಂದಳು.

"ಅಪ್ಪಂದು?"

"ಹಿಟ್ಟು ಮುಗೀತು," ಎಂದಳು ದೊಡ್ಡವಳು.

ಅವನೂ ಹೌದೆಂದ. ಜಾಲರಿಯ ಮೇಲೆ ಮೂವತ್ತೆರಡು ಗುಂಡು ಬಿಸ್ಕತ್ತುಗಳು ಆರಿದ್ದವು. ಇಲಿಮರಿ ಕೂಡ ಅದರಲ್ಲಿ ಒಂದನ್ನೂ ಮುಟ್ಟಿರಲಿಲ್ಲ.

ಹನ್ನೆರಡೂ ಕಾಲಿಗೆ ಮಗುವನ್ನು ಒಳಗಿಟ್ಟರು. ಹನ್ನೆರಡು ಮೂವತ್ತೈದಕ್ಕೆ ಬಾಗಿಲ ಗಂಟೆ ಹೊಡೆಯಿತು. ಇಲಿಮರಿ ಓಡಿದಳು. ಹಜಾರದಲ್ಲಿ ಚಪ್ಪಲಿ ಬಿಡುವ ಸದ್ದು, ಅವನ ಅಕ್ಕನ ದೊಡ್ಡ ದನಿ, "ಮಾಸ್ಟರ್ ಎಲ್ಲಿ? ರಜೆ ಹಾಕಿದ್ದಾನಂತೆ, ಮೊದಲು ಮುಖ ತೋರಿಸ್ಲಿ," ಎನ್ನುವುದು, ಎಲ್ಲದರ ನಡುವೆ ಒಂದು ಎಳೆ ಅಳು.

ದೊಡ್ಡವಳು ಓವನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು, ಅವನು ಪಕ್ಕದಲ್ಲಿ ನೆಲದ ಮೇಲೆ.

"ಪಾಪು ಬಂತು," ಎಂದಳು ಗಾಜಿನಿಂದ ಕಣ್ಣು ಕೀಳದೆ. "ನೀನು ಹೋಗಿ ನೋಡು. ಇದನ್ನ ನಾನು ನೋಡ್ಕೋತೀನಿ."

"ಇನ್ನು ಹತ್ತು ನಿಮಿಷ. ಒಟ್ಟಿಗೆ ಹೋಗೋಣ."

ಒಳಗೆ ಮಗುವಿನ ತಲೆ ಅಂಚಿನಲ್ಲಿ ಸ್ವಲ್ಪವೇ ಬಣ್ಣ ತಿರುಗಿತ್ತು. ಮುಷ್ಟಿ ಇನ್ನೂ ಬಿಳಿಯಾಗಿತ್ತು. ಅದನ್ನು ಸರಿಯಾಗಿ ನೋಡಲು ಅವಳು ಮುಂದಕ್ಕೆ ಬಗ್ಗಿದಳು. ಕುಕ್ಕರುಗಾಲಲ್ಲಿ ಆಯ ತಪ್ಪಿದಂತಾಗಿ, ಹಿಟ್ಟಾದ ಕೈಯನ್ನು ಅವನ ಮೊಣಕಾಲಿನ ಮೇಲೆ ಊರಿದಳು. ಹಜಾರದಲ್ಲಿ ಯಾರೋ ಮತ್ತೆ ಮಾಸ್ಟರನ್ನು ಕರೆದರು. ಅವನು ಕಾಲು ಅಲುಗಿಸಲಿಲ್ಲ.