ಇಪ್ಪತ್ತು ಎಣಿಸುವಷ್ಟರಲ್ಲಿ

ಲಾರಿ ಬಡಿದು ಹಾಲಿನ ಬಕ್ಕಪ್ಪ ಸೈಕಲ್ಲಿನಿಂದ ಬಿದ್ದಾಗ ಎಲೀಷ ಅವನಿಂದ ಹತ್ತು ಮಾರು ಹಿಂದಿದ್ದ. ಎರಡು ಹಾಲಿನ ಕ್ಯಾನು ಉರುಳಿ ಬೀದರಿನಲ್ಲಿ ನಾಲ್ಕು ರಸ್ತೆ ಕೂಡುವ ಜಾಗದ ತುಂಬ ಹಾಲು ಹರಿಯಿತು. ಬಕ್ಕಪ್ಪ ಕಾಲು ಹಿಡಿದುಕೊಂಡು ಕೂಗುತ್ತಿದ್ದ. ಎಲೀಷ ತನ್ನ ಸೈಕಲ್ ಬಿಸಾಕಿ ಓಡಿದ. ಇನ್ನಿಬ್ಬರ ಜೊತೆ ಸೇರಿ ಅವನನ್ನು ಟಾಂಗಾದಲ್ಲಿ ಮಲಗಿಸಿ ಮಿಷನ್ ದವಾಖಾನೆಗೆ ಕರೆದೊಯ್ದ. ಅಲ್ಲಿ ನರ್ಸ್ ಆಗಿದ್ದವಳು ಎಲೀಷನ ಹೆಂಡತಿ ದೊರ್ಕಾ. ಆಕೆ ಕಾಲು ನೋಡಿ, "ಎರಡು ಕಡಿ ಮುರದದ. ಅವನ ಊರು ಬಗದಲ್‌ಕ ಹೆಂಡ್ತಿಗಿ ಹೇಳಿ ಕಳಸ್ರಿ," ಅಂದಳು.

ಪೊಲೀಸ್ ಕಾರ್ಯಾಚರಣೆಯಾಗಿ ಎರಡು ವರ್ಷ ಕಳೆದಿತ್ತು. ನಿಜಾಮರ ಆಳ್ವಿಕೆ ಹೋಗಿ ಹೊರಗಿನಿಂದ ಹೊಸ ಸಾಹೇಬರು ಬಂದಿದ್ದರು. ಎಲೀಷ ರಸ್ತೆಗಳ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದ. ಆ ನಾಲ್ಕು ರಸ್ತೆಯ ನಕ್ಷೆಯೂ ಅವನದೇ. ನಡುವಿನ ಕಟ್ಟೆಯ ಮೇಲೆ ಒಂದು ಕಂಬ, ಕಂಬಕ್ಕೆ ಕೈಯಿಂದ ತಿರುಗಿಸುವ ಹಲಗೆ. ಕೆಂಪು ಮುಖ ಕಂಡವರು ಸುಣ್ಣದ ಗೆರೆಯ ಹಿಂದೆ ನಿಲ್ಲಬೇಕು, ಹಸಿರು ಕಂಡವರು ಹೋಗಬೇಕು. ಹಲಗೆ ತಿರುಗಿಸುವವನು ಪೊಲೀಸ್ ಪೇದೆ ಹಬೀಬ, ನಿಜಾಮರ ಕಾಲದಿಂದಲೂ ಅದೇ ಜಾಗದಲ್ಲಿ ನಿಂತವನು.

ಸಂಜೆಯೊಳಗೆ ಊರೆಲ್ಲ ತೀರ್ಪು ಕೊಟ್ಟಾಗಿತ್ತು. ಹಬೀಬ ಬೇಕಂತಲೇ ಹಲಗೆ ಬೇಗ ತಿರುಗಿಸಿ ಲಾರಿಗೆ ದಾರಿ ಬಿಟ್ಟ. ಹಳೇ ಸರಕಾರದ ಆಳು, ಅವನಿಂದ ಇನ್ನೇನು ಆದೀತು?

ಆ ರಾತ್ರಿ ಎಲೀಷ ತಾಟನ್ನು ಅರ್ಧಕ್ಕೇ ಸರಿಸಿದ. ಎದ್ದು ಅಂಗಳಕ್ಕೆ ಹೋದ, ಒಳಗೆ ಬಂದ, ಮತ್ತೆ ಹೋದ. ದೊರ್ಕಾ ಕೇಳಿದಳು, "ಯಾಕರಿ, ಒಂದ್ ಕಡಿ ಕೂಡಂಗಿಲ್ಲೇನು?"

"ಹಬೀಬಂದು ತಪ್ಪಿಲ್ಲ. ನಾನು ನೋಡೀನಿ."

"ಮತ್ತ ಯಾರದ್ದು?"

"ನಾಳಿ ನಸುಕಿನ್ಯಾಗ ನನ್ನ ಜೊತಿ ಬಾ, ತೋರಸ್ತೀನಿ."

ಕಟ್ಟೆ ಕಟ್ಟಿದ ದಿನ ಎಲೀಷ ಕಚೇರಿಯ ಜೀಪಿನಲ್ಲಿ ಕೂತು ಎಣಿಸಿದ್ದ. ಹತ್ತು ಎಣಿಸುವಷ್ಟರಲ್ಲಿ ಜೀಪು ರಸ್ತೆ ದಾಟಿತ್ತು. ಸೈಕಲ್ಲಿನವರಿಗೂ ಸಾಕೆಂದು ಅದನ್ನು ಇಮ್ಮಡಿ ಮಾಡಿ, 'ಇಪ್ಪತ್ತು ಎಣಿಸಿ ಹಲಗೆ ತಿರುಗಿಸುವುದು' ಎಂದು ಉರ್ದುವಿನಲ್ಲಿ ಚೀಟಿ ಬರೆದು ಹಬೀಬನ ಕೈಗೆ ಕೊಟ್ಟಿದ್ದ. ಮೋಟಾರುಗಳು ಓರಣವಾಗಿ ನಿಲ್ಲಲೆಂದು ಗೆರೆಯನ್ನು ಏರಿನ ನಡುವೆ ಎಳೆಸಿದ್ದ. ಬಗದಲ್ ಕಡೆಯಿಂದ ಬರುವ ರಸ್ತೆ ಅಲ್ಲಿ ಗೋಡೆಯಂತೆ ಏರುತ್ತದೆ ಎಂಬುದು ಭಾರವಿಲ್ಲದ ಸೈಕಲ್ ಹೊಡೆಯುವ ಅವನಿಗೆ ಎಂದೂ ತಟ್ಟಿರಲಿಲ್ಲ.

ಮರುದಿನ ಇನ್ನೂ ಗಾಡಿಗಳು ಓಡಾಡದ ಹೊತ್ತಿಗೆ ದೊರ್ಕಾಳನ್ನು ಕರೆದುಕೊಂಡು ಅಲ್ಲಿಗೆ ಹೋದ. ಎರಡು ಕ್ಯಾನು ಬೇಡಿ ತಂದು ನೀರು ತುಂಬಿ ಸೈಕಲ್ಲಿಗೆ ಕಟ್ಟಿದ್ದ. ಗೆರೆಯ ಮೇಲೆ ಒಂದು ಕಾಲೂರಿ ನಿಂತು, "ಎಣಸು," ಅಂದ.

ಮೊದಲ ಸಲ ಪೆಡಲ್ ತುಳಿದಾಗ ಭಾರಕ್ಕೆ ಮುಂದಿನ ಗಾಲಿ ಮೇಲೆದ್ದಿತು, ಸೈಕಲ್ ಹಿಂದಕ್ಕೆ ಜಾರಿತು. ಎರಡನೆಯ ಸಲ ಹಲ್ಲು ಕಚ್ಚಿ ತುಳಿದ. ದೊರ್ಕಾ "ಇಪ್ಪತ್ತು" ಎಂದಾಗ ಅವನು ರಸ್ತೆಯ ನಟ್ಟನಡುವೆ, ಬಕ್ಕಪ್ಪ ಬಿದ್ದ ಜಾಗದಲ್ಲೇ ಇದ್ದ. ಆ ಬದಿ ಮುಟ್ಟಿದಾಗ ಮೂವತ್ತೊಂದು.

ಆ ಇಪ್ಪತ್ತು ಯಾರು ಬರೆದದ್ದೆಂದು ದೊರ್ಕಾಳಿಗೆ ಗೊತ್ತಿತ್ತು. "ಯಾರಿಗಾದರೂ ಹೇಳೀರೇನು?"

"ಇಲ್ಲ."

"ಹೇಳ್ತೀರೇನು?"

ಅವನು ಕ್ಯಾನು ಬಿಚ್ಚಿ ನೀರು ಚೆಲ್ಲಿದ. ಮುಂದಿನ ತಿಂಗಳು ಅವನಿಗೆ ಓವರ್‌ಸಿಯರ್ ಹುದ್ದೆ ಬರುವುದಿತ್ತು. ಆ ಸುದ್ದಿಯನ್ನು ಭಾಲ್ಕಿಯ ಅವ್ವನಿಗೂ ಕಾಗದ ಹಾಕಿ ತಿಳಿಸಿಯಾಗಿತ್ತು.

ಕಚೇರಿಗೆ ಹೋಗುವ ಬದಲು ಅವನು ಹಬೀಬನ ಮನೆಗೆ ಹೋದ. ಹಬೀಬ ಸಮವಸ್ತ್ರ ತೊಟ್ಟು ತಯಾರಾಗಿ ಹೊಸಲಿನ ಮೇಲೆ ಕೂತಿದ್ದ. ಕೆಲಸಕ್ಕೆ ಬರಬೇಡವೆಂದು ಹುಕುಂ ಆಗಿದ್ದರೂ ಬಟ್ಟೆ ಬಿಚ್ಚಿರಲಿಲ್ಲ.

"ಹಬೀಬ ಭಾಯ್, ಆವತ್ತು ಎಷ್ಟು ಎಣಿಸಿದ್ರಿ?"

"ಇಪ್ಪತ್ತು. ನೀವು ಬರದು ಕೊಟ್ಟಷ್ಟು." ಹಬೀಬ ಅವನನ್ನೇ ದಿಟ್ಟಿಸಿದ. "ಮೊದಲ ಕೈಲೇ ಇಶಾರೆ ಮಾಡಾಗ ನಾ ಎಣಿಸ್ತಿದ್ದಿಲ್ಲ, ಸಾಬ್. ಗಾಲಿ ನೋಡ್ತಿದ್ದೆ. ಕಡೀ ಸೈಕಲ್ ದಾಟಿದ ಮ್ಯಾಲೇ ಮೋಟಾರಿಗಿ ಕೈ ತೋರ್ಸ್ತಿದ್ದೆ."

"ಬಕ್ಕಪ್ಪ ನಡುವ ಇದ್ದದ್ದು ಕಾಣ್ಲಿಲ್ಲೇನು?"

"ಕಂಡ. ಲಾರಿ ನಿಂದ್ರಸ್ಬೇಕು ಅನಿಸ್ತು. ಆದ್ರ ಕಾಗದದಾಗ ಇಪ್ಪತ್ತು ಅದ. ಈಗಿನ ದಿನದಾಗ ನನ್ನಂಥವ ಹುಕುಂ ಮೀರಿದ್ರ ಏನಾಗ್ತದಂತ ನಿಮಗ ಗೊತ್ತಿಲ್ಲೇನು? ನಮ್ಮ ತಮ್ಮ ಎರಡ್ ವರ್ಷದ ಹಿಂದ ಫೌಜು ಬಂದಾಗ ಮನಿ ಬಿಟ್ಟು ಹೋದವ ಇನ್ನಾ ಬಂದಿಲ್ಲ."

ಎಲೀಷನಿಗೆ ಅಲ್ಲಿ ಕೂರಲಾಗಲಿಲ್ಲ. ನೇರ ಆ ನಾಲ್ಕು ರಸ್ತೆಗೆ ನಡೆದ.

ಮಾರನೆಯ ದಿನ ವಿಚಾರಣೆ. ರಸ್ತೆಗಳ ಕಚೇರಿಯ ಹೊಸ ಸಾಹೇಬರ ಕೋಣೆಯಲ್ಲಿ ಹಬೀಬ ನೆಲ ನೋಡುತ್ತ ನಿಂತಿದ್ದ. ಮಡಿಕೆಗಳಲ್ಲಿ ಹರಿದಿದ್ದ ಚೀಟಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಸಾಹೇಬರಿಗೆ ಉರ್ದು ಬಾರದು. ಅವರು ಚೀಟಿಯನ್ನು ಎಲೀಷನ ಕಡೆ ತಳ್ಳಿ, ಇದರಲ್ಲಿ ಏನಿದೆ ಓದು ಎಂದರು. ಅವನು ಏನು ಓದಿದರೂ ಅವರು ನಂಬುತ್ತಿದ್ದರು. ಹಬೀಬನಿಗೆ ಅಕ್ಷರ ಬರುತ್ತಿತ್ತು, ಆದರೆ ಹಬೀಬನ ಮಾತಿಗೆ ಆ ಕೋಣೆಯಲ್ಲಿ ಬೆಲೆ ಇರಲಿಲ್ಲ.

"ಇಪ್ಪತ್ತು ಎಣಿಸಿ ತಿರುಗಿಸು ಅಂತ ಅದರಿ," ಅಂದ ಎಲೀಷ. "ಬರದವ ನಾನು. ಹಬೀಬ ಭಾಯ್ ಸರಿಯಾಗಿ ಎಣಿಸ್ಯಾರ. ಇಪ್ಪತ್ತೇ ತಪ್ಪು. ಗೆರಿನೂ ತಪ್ಪು."

ಸಾಹೇಬರು ನಕ್ಕುಬಿಟ್ಟರು. ರಸ್ತೆ ಇರುವುದು ಮೋಟಾರಿಗಾಗಿ, ಹಾಲಿನವನಿಗಾಗಿ ಅಲ್ಲ ಎಂದರು. ಎಲೀಷ ಹಿಂದಿನ ಮಧ್ಯಾಹ್ನವೆಲ್ಲ ಆ ನಾಲ್ಕು ರಸ್ತೆಯಲ್ಲಿ ನಿಂತು ಲೆಕ್ಕ ಹಿಡಿದಿದ್ದ. ಮೋಟಾರು ಹದಿನಾಲ್ಕು, ಸೈಕಲ್ ಮುನ್ನೂರ ಆರು. ಅದನ್ನು ಹೇಳಿದಾಗ ಸಾಹೇಬರ ನಗು ನಿಂತಿತು. ಅವರು ಎದ್ದು ಟೋಪಿ ಹಾಕಿಕೊಂಡು, ನಡೆ, ನಾನೇ ನೋಡುತ್ತೇನೆ ಎಂದರು.

ನೋಡಿದರು. ಭಾರ ಹೊತ್ತ ಒಂದೊಂದೇ ಸೈಕಲ್ ಏರಿನಲ್ಲಿ ತಡವರಿಸುವುದನ್ನು ಅರ್ಧ ತಾಸು ಬಿಸಿಲಲ್ಲಿ ನಿಂತು ನೋಡಿದರು. ಒಂದು ಮಾತೂ ಆಡಲಿಲ್ಲ. ವಾರದೊಳಗೆ ಗೆರೆ ಎರಡಾಯಿತು. ಮೋಟಾರುಗಳಿಗೆ ಏರಿನ ಕೆಳಗೆ ಒಂದು, ಸೈಕಲ್ಲುಗಳಿಗೆ ಮುಂದೆ, ಸಪಾಟು ನೆಲದ ಮೇಲೆ ಇನ್ನೊಂದು. ಎಣಿಕೆ ಮೂವತ್ತೈದಕ್ಕೆ ಏರಿತು. ಕಡೆಯ ಸೈಕಲ್ ದಾಟುವ ತನಕ ಹಲಗೆಯನ್ನು ಅರ್ಧಕ್ಕೇ ತಿರುಗಿಸಿ ಹಿಡಿದು ನಾಲ್ಕೂ ಕಡೆ ತಡೆಯಬೇಕೆಂದು ಹುಕುಂ ಆಯಿತು. ಈ ಉಪಾಯ ಹಬೀಬನದು.

ಆದರೆ ಹಲಗೆ ಹಿಡಿಯಲು ಹಬೀಬ ಅಲ್ಲಿರಲಿಲ್ಲ. ತಪ್ಪಿಲ್ಲವೆಂದು ಬರೆದುಕೊಟ್ಟೂ ಅವನನ್ನು ದೂರದ ಔರಾದಿನ ಠಾಣೆಗೆ ಹಾಕಿದರು. ಎಲೀಷನ ಬಡ್ತಿ ನಿಂತಿತು. ಅವನಿಗೆ ಭಾಲ್ಕಿಗೆ ವರ್ಗವಾಯಿತು. ಔರಾದಿನ ಬಸ್ ಹತ್ತುವಾಗ ಹಬೀಬ ಎಲೀಷನ ಕೈ ಹಿಡಿದು, "ನೀವು ಇಪ್ಪತ್ತಂತ ಓದಾ ತನಕ ನನ್ನ ಜೀವದಾಗ ಜೀವ ಇದ್ದಿಲ್ಲ," ಅಂದ. ಎಲೀಷನಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಊರು ಬಿಡುವ ಮೊದಲು ದವಾಖಾನೆಗೆ ಹೋಗಿ ಬಕ್ಕಪ್ಪನಿಗೆ ಎಲ್ಲ ಹೇಳಿದ. ಮಾತಾಡಿದವಳು ಅವನ ಹೆಂಡತಿ ಹೀರಾಬಾಯಿ.

"ನೀವು ಖರೇ ಹೇಳಿದ್ದು ಚಲೋ ಆಯ್ತರಿ. ಆದ್ರ ಗೆರಿ ಹಾಕಾಗ ನಮ್ಮನ್ನ ಒಂದ್ ಮಾತ್ ಕೇಳಿದ್ರ ನಿಮ್ಮದೇನ್ ಹೋಗ್ತಿತ್ತು? ದಿನಾ ಅದೇ ದಾರಿಲೇ ಬರ್ತಿದ್ದಿವಿ."

ಅವನು ಕೈಮುಗಿದು ಹೊರಗೆ ಬಂದ.

ಭಾಲ್ಕಿಯಲ್ಲಿ ಅವನಿಗೆ ಸಿಕ್ಕ ಮೊದಲ ಕೆಲಸ ರೈಲು ನಿಲ್ದಾಣದ ಹತ್ತಿರದ ಕೂಡುರಸ್ತೆಯ ನಕ್ಷೆ. ಹಾಳೆ ಹಾಸಿ ಪೆನ್ಸಿಲ್ ಹಿಡಿದ, ಗೆರೆ ಎಳೆಯಲು ಕೈ ಬರಲಿಲ್ಲ. ಎದ್ದು ರಸ್ತೆಗೆ ಬಂದ. ಜೋಳದ ಚೀಲ ಹೇರಿಕೊಂಡು ಬರುತ್ತಿದ್ದ ಹತ್ತಿರದ ಖಟಕ ಚಿಂಚೋಳಿ ಊರಿನ ರೈತನೊಬ್ಬನ ಸೈಕಲ್ ತಡೆದು, "ಅಣ್ಣ, ಇಲ್ಲಿ ನಿಮಗ ಎಲ್ಲಿ ತ್ರಾಸ ಆಗ್ತದ?" ಎಂದು ಕೇಳಿದ.

"ನೀವು ಹಿಂಗ ಅಡ್ಡ ನಿಂತಲ್ಲೇ ಆಗ್ತದರಿ. ಬಿಡ್ರಿ, ರೈಲಿಗಿ ಹೊತ್ತಾಗ್ಯದ," ಎಂದು ಅವನು ಪೆಡಲ್ ತುಳಿದ.

ಎಲೀಷ ಹಾಳೆ ಮಡಚಿಕೊಂಡು ಅವನ ಹಿಂದೆಯೇ ಓಡಿದ.