ಕುದುರೆಮುಖದ ದಾರಿಯಲ್ಲಿ ಮಂಡಕ್ಕಿ ಚೀಲ

ಹರಿಹರದ ಅಜ್ಜಪ್ಪನವರ ಮನೆಯಲ್ಲಿ ದೀಪಾವಳಿ ಮುಗಿದ ಮರುವಾರ ಒಂದು ಜಗಳ ಇದ್ದೇ ಇರುತ್ತದೆ. ಕುದುರೆಮುಖದ ಕಾಡಿಗೆ ಹೊರಡುವ ಜಗಳ. ಕಿಟಕಿ ಪಕ್ಕ ಯಾರು ಕೂರಬೇಕು, ದಾರಿಯಲ್ಲಿ ತಿಂಡಿ ಎಲ್ಲಿ ಎಂಬಷ್ಟಕ್ಕೇ ಅದು ಮುಗಿಯುತ್ತಿತ್ತು. ಹೋಗುವುದೋ ಬೇಡವೋ ಎಂಬ ಮಾತು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಈ ಸಲ ಬಂತು.

"ನಾನೂ ತನೂನೂ ಬರಾದಿಲ್ಲ ಅತ್ತೆ. ನೀವು ಹೋಗಿ ಬರ್ರಿ," ಎಂದಳು ಸೊಸೆ ನಯನಾ.

ಅಜ್ಜಪ್ಪನವರ ಹೆಂಡತಿ ಸರ್ವಮಂಗಳಮ್ಮ ಕೈಲಿದ್ದ ಕೆಲಸ ಬಿಟ್ಟು ಅವಳತ್ತ ತಿರುಗಿದರು. ಸೊಸೆಯದು ತಪ್ಪೆನ್ನುವಂತಿರಲಿಲ್ಲ. ಹೋದ ವರ್ಷ ಅಲ್ಲಿ ಮಂಗವೊಂದು ಕಾರೊಳಗೆ ನುಗ್ಗಿ ಮೊಮ್ಮಗಳು ತನುಶ್ರೀಯ ಕೈ ಪರಚಿತ್ತು. ಊರಿಗೆ ಬಂದ ಮೇಲೂ ಚುಚ್ಚುಮದ್ದಿಗಾಗಿ ಮತ್ತೆ ಮತ್ತೆ ಆಸ್ಪತ್ರೆಗೆ ಓಡಾಟ. ಪ್ರತಿ ಸಲವೂ ಆರು ವರ್ಷದ ಮಗು ಆಸ್ಪತ್ರೆಯ ಸೂರು ಹಾರಿಹೋಗುವಂತೆ ಕಿರುಚಿತ್ತು.

ಆದರೂ ವರ್ಷವಿಡೀ ಅಡುಗೆಮನೆ, ಅಂಗಡಿ ಎಂದು ದುಡಿಯುವ ಸರ್ವಮಂಗಳಮ್ಮನಿಗೆ ಆ ಎರಡು ದಿನ ಎಂದರೆ ಪ್ರಾಣ. ಮಂಜು ಸರಿದು ಹಸಿರು ಗುಡ್ಡ ಕಾಣುವಾಗ ಇಡೀ ಮನೆ ಒಟ್ಟಿಗಿರಬೇಕು. ಮಗುವಿಲ್ಲದೆ ಹೋದರೆ ಅದೆಂಥ ಪ್ರವಾಸ?

"ಮಂಗ ಬಂದಿದ್ದು ಮಂಡಕ್ಕಿ ಆಸೆಗೆ ತಾಯಿ. ಈ ಸಲ ಹಾಕಾದು ಬ್ಯಾಡ ಅಂತ ನಿಮ್ಮ ಮಾವಗ ನಾನು ಹೇಳ್ತೀನಿ," ಎಂದು ಗಲ್ಲ ಹಿಡಿದು ಬೇಡಿಕೊಂಡರು.

ನಯನಾ ಅರೆಮನಸ್ಸಿನಿಂದ ಒಪ್ಪಿದಳು. "ಆಗ್ಲಿ. ಆದ್ರೆ ಒಂದೇ ಒಂದು ಮಂಗ ನಮ್ಮ ಹತ್ರ ಬಂದ್ರೂ ಇದೇ ಕಡೇ ಸಲ ಅತ್ತೆ."

ಅಜ್ಜಪ್ಪನವರನ್ನು ಒಪ್ಪಿಸುವುದು ಅಷ್ಟು ಸುಲಭವಿರಲಿಲ್ಲ. ಕುದುರೆಮುಖದ ಮಂಗಗಳು ತಮ್ಮನ್ನೇ ಕಾಯುತ್ತಿರುತ್ತವೆ ಎಂದು ಅವರು ಮನಸಾರೆ ನಂಬಿದ್ದರು. ಅವಕ್ಕೆಂದೇ ಪ್ರತಿ ವರ್ಷ ದಾವಣಗೆರೆಗೆ ಹೋಗಿ, ಖಲೀಲನ ಭಟ್ಟಿಯಿಂದ ಬಿಸಿ ಮಂಡಕ್ಕಿ ತರುತ್ತಿದ್ದರು. ಕಾಡು ಒಂದು ದಿಕ್ಕಿಗೆ, ಭಟ್ಟಿ ಇನ್ನೊಂದು ದಿಕ್ಕಿಗೆ. ಹಾಗೆಂದು ಹೇಳಿದವರ ಮೇಲೆ ಅವರು ರೇಗುತ್ತಿದ್ದರು.

ಮಂಗಗಳಿಗೆ ಹಾಕುವುದಿಲ್ಲ ಎಂದು ಬಾಯಿಮಾತಿಗೆ ಒಪ್ಪಿದರೂ, ಹೊರಡುವ ಹಿಂದಿನ ದಿನ "ನಮಗೆ ತಿನ್ನಾಕೆ ಬೇಕಲ್ಲ" ಎನ್ನುತ್ತಾ ಹೆಂಡತಿಯನ್ನೂ ಕರೆದುಕೊಂಡು ಬಸ್ಸು ಹತ್ತಿಯೇ ಬಿಟ್ಟರು.

ಭಟ್ಟಿಯಲ್ಲಿ ಖಲೀಲ ಚೀಲ ತುಂಬುತ್ತಾ ಹೇಳಿದ, "ನನ್ನ ಮಗಳು ಆಮ್ನಾಗೆ ಕುದುರೆಮುಖದಾಗೇ ಡ್ಯೂಟಿ ಬಿದ್ದೈತೆ ಅಜ್ಜಪ್ಪಾರೆ. ಫಾರೆಸ್ಟ್ ಗಾರ್ಡು. ಮಂಗಗಳಿಗೆ ಮಂಡಕ್ಕಿ ಹಾಕ್ಬಾರ್ದಂತೆ. ಫೋನ್ ಮಾಡ್ದಾಗೆಲ್ಲ ಅದೇ ಮಾತು."

"ಮಂಡಕ್ಕಿ ಭಟ್ಟಿ ಮಗಳು ಮಂಡಕ್ಕಿ ಬ್ಯಾಡ ಅಂತಾಳಾ? ನಿನ್ನ ವ್ಯಾಪಾರಕ್ಕೆ ಮನೇಲೇ ಕಲ್ಲು ಬಿತ್ತಲ್ಲೋ!" ಎಂದು ಅಜ್ಜಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು.

ಖಲೀಲನೂ ನಕ್ಕ. ಅವನು ಅತ್ತ ತಿರುಗಿದಾಗ ಅಜ್ಜಪ್ಪ ಇನ್ನೊಂದು ಸಣ್ಣ ಚೀಲ ತುಂಬಿಕೊಂಡು, ದುಡ್ಡು ಅಲ್ಲೇ ಇಟ್ಟು, ಚೀಲವನ್ನು ಶಾಲಿನೊಳಗೆ ಮುಚ್ಚಿಕೊಂಡರು. ಸರ್ವಮಂಗಳಮ್ಮ ನೋಡಿದರು. ಬಾಯಿ ತೆರೆದರೆ ಜಗಳ, ಜಗಳವಾದರೆ ಪ್ರವಾಸ ನಿಂತೀತು. ಹಾಗೆಂದುಕೊಂಡು ಸುಮ್ಮನಾದರು.

ಮರುದಿನ ಮಗ ಬಸವಪ್ರಭು ಕಾರು ಓಡಿಸಿದ. ಶೃಂಗೇರಿ ದಾಟಿ ಅರಣ್ಯದ ಚೆಕ್‌ಪೋಸ್ಟ್ ತಲುಪಿದಾಗ ಖಾಕಿ ತೊಟ್ಟ ಹುಡುಗಿಯೊಬ್ಬಳು ನಗುತ್ತಾ ಬಂದಳು. ಆಮ್ನಾ!

"ಆರಾಮದೀರಾ ಅಜ್ಜಾರೆ? ಕಾರಾಗೆ ಮಂಡಕ್ಕಿ ಐತೇನ್ರಿ?"

"ಐತಮ್ಮ. ನಮಗೆ ತಿನ್ನಾಕೆ."

"ಹೊಟ್ಟೆ ತುಂಬ ತಿನ್ರಿ. ಮಂಗಗಳಿಗೆ ಮಾತ್ರ ಹಾಕ್ಬ್ಯಾಡ್ರಿ."

"ಪಾಪ, ಮೂಕಪ್ರಾಣಿ. ಹಸಿದಿರ್ತಾವಲ್ಲಮ್ಮ?"

"ಇಷ್ಟು ದೊಡ್ಡ ಕಾಡಾಗೆ ಇದ್ದು ಹಸಿವ್ಯಾಕ್ರಿ? ಹಣ್ಣು, ಚಿಗುರು, ಹುಳ, ಎಲ್ಲಾ ಐತೆ. ನಾವು ಹಾಕಿದ್ರೆ ಅವು ಹುಡುಕಾದೇ ಬಿಟ್ಬಿಡ್ತಾವೆ."

ಅಜ್ಜಪ್ಪ ತಲೆಯಾಡಿಸಿದರು. ಕಾರು ಹೊರಟ ಮೇಲೆ, "ಮೊನ್ನೆ ಮೊನ್ನೆ ಭಟ್ಟಿಯಾಗೆ ಆಡ್ತಿದ್ದ ಹುಡುಗಿ, ನನಗೇ ಬುದ್ಧಿ ಹೇಳ್ತಾಳೆ!" ಎಂದರು. ಸರ್ವಮಂಗಳಮ್ಮ ಅವರ ಶಾಲನ್ನೇ ನೋಡುತ್ತಿದ್ದರು. ಈಗಲಾದರೂ ಹೇಳಲೇ ಎಂದುಕೊಂಡರು, ಹೇಳಲಿಲ್ಲ.

ಒಂದು ತಿರುವಿನಲ್ಲಿ ಗುಡ್ಡಗಳೆಲ್ಲ ಒಮ್ಮೆಗೇ ಕಂಡವು. ಬಸವಪ್ರಭು ಕಾರು ನಿಲ್ಲಿಸಿದ. "ಕಾಲು ಹಿಡ್ಕಂಡಾವೆ, ಒಂಚೂರು ಓಡಾಡ್ತೀನಿ," ಎಂದು ಅಜ್ಜಪ್ಪ ಇಳಿದು ಕಾರಿನ ಹಿಂದಕ್ಕೆ ಹೋದರು. ಶಾಲು ಸರಿಯಿತು. ಒಂದು ಹಿಡಿ ಮಂಡಕ್ಕಿ ರಸ್ತೆಗೆ ಬಿತ್ತು.

ಎಲ್ಲಿದ್ದವೋ ಏನೋ, ಕಣ್ಣು ಮಿಟುಕಿಸುವಷ್ಟರಲ್ಲಿ ಇಪ್ಪತ್ತು ಮಂಗಗಳು ಇಳಿದವು. ದೊಡ್ಡ ಗಂಡು ಮಂಗವೊಂದು ಹಲ್ಲು ಕಿರಿದು ಅಜ್ಜಪ್ಪನವರ ಕೈಯಿಂದ ಚೀಲವನ್ನೇ ಕಿತ್ತುಕೊಂಡಿತು. ರಸ್ತೆಯ ಆಚೆಯಿಂದ ತಾಯಿಮಂಗವೊಂದು ಹೊಟ್ಟೆಗೆ ಮರಿ ಅಪ್ಪಿಸಿಕೊಂಡು ಓಡಿ ಬಂತು. ಆಗಲೇ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು.

ತಾಯಿ ಬೆಚ್ಚಿ ಹಾರಿತು. ಮರಿ ಕೈತಪ್ಪಿ ರಸ್ತೆ ನಡುವೆ ಬಿತ್ತು. ಬಸ್ಸು ಕಿರ್ರೆಂದು ಬ್ರೇಕ್ ಹಾಕಿ, ಒಂದು ಮೊಳ ದೂರದಲ್ಲಿ ನಿಂತಿತು. ಮರಿ ಎದ್ದು ತೂರಾಡುತ್ತಾ ತಾಯಿಯನ್ನು ಸೇರಿತು. ಕಾರೊಳಗೆ ತನುಶ್ರೀ ಅಮ್ಮನ ಸೆರಗಲ್ಲಿ ಮುಖ ಹುದುಗಿಸಿ ಅಳುತ್ತಿದ್ದಳು.

"ಸಾಕು ಅತ್ತೆ. ಇದೇ ಕಡೇ ಸಲ," ಎಂದಳು ನಯನಾ.

ಅಷ್ಟರಲ್ಲಿ ಗಸ್ತಿಗೆ ಹೊರಟಿದ್ದ ಆಮ್ನಾ ಬೈಕಿನಲ್ಲಿ ಬಂದಿಳಿದಳು. ಲಾಠಿಯನ್ನು ನೆಲಕ್ಕೆ ಕುಟ್ಟಿ ಮಂಗಗಳನ್ನು ಮರಕ್ಕೆ ಹತ್ತಿಸಿದಳು. ಬೈಗುಳ ಕಾಯುತ್ತಿದ್ದ ಅಜ್ಜಪ್ಪನವರಿಗೆ ಅವಳು ಹೇಳಿದ್ದು ಇಷ್ಟೇ. "ಇನ್ನೊಂದು ಗಾಡಿ ಬರೋದ್ರೊಳಗೆ ಇದನ್ನೆಲ್ಲ ಬಳಿಯಾನ ಬರ್ರಿ."

ಬಸ್ಸಿನಿಂದಿಳಿದ ಕಂಡಕ್ಟರೂ ಕೈಜೋಡಿಸಿದ. ಅಜ್ಜಪ್ಪ ಬಗ್ಗಿ ಕಾಳು ಕಾಳು ಆರಿಸಿ ಶಾಲಿಗೆ ಹಾಕಿಕೊಂಡರು.

"ನಮ್ಮಪ್ಪನ ಭಟ್ಟೀದು," ಎಂದಳು ಆಮ್ನಾ. "ಈ ತಿರುವಲ್ಲಿ ಎರಡು ಮರಿ ಗಾಡಿಗೆ ಸಿಕ್ಕು ಸತ್ವು ಅಜ್ಜಾರೆ. ನಾನೇ ಎತ್ತಿ ಆಚೆ ಇಟ್ಟೀನಿ. ಒಂದರ ಬಾಯಾಗೆ ಇನ್ನೂ ಮಂಡಕ್ಕಿ ಇತ್ತು."

"ನಮ್ಮ ಕಾರು ಗುರುತು ಹಿಡಿತಾವೆ ಅನ್ಕಂಡಿದ್ನಮ್ಮ ನಾನು."

"ಎಲ್ಲಾ ಕಾರನ್ನೂ ಹಿಡಿತಾವೆ. ಕಾರು ನಿಂತ್ರೆ ಊಟ ಬಂತು ಅಂತ ಕಲ್ತಾವೆ. ಕೊಡದಿದ್ರೆ ಕಿತ್ಕಂತಾವೆ, ಮಕ್ಕಳನ್ನ ಪರಚ್ತಾವೆ. ನಾವೇ ಕಲಿಸಿದ್ದು ಇದು."

ಅಜ್ಜಪ್ಪ ತಲೆ ತಗ್ಗಿಸಿ ನಿಂತರು. ಸರ್ವಮಂಗಳಮ್ಮನಿಗೆ ತಡೆಯಲಾಗಲಿಲ್ಲ.

"ಅವರೊಬ್ರ ಮ್ಯಾಲೇ ಸಿಟ್ಟಾಗಬ್ಯಾಡ ನಯನಾ. ಚೀಲ ಮುಚ್ಚಿಟ್ಕಂಡಿದ್ದು ನಾನು ನೋಡಿದ್ದೆ. ಪ್ರವಾಸ ತಪ್ಪತೈತೆ ಅಂತ ಬಾಯಿ ಮುಚ್ಕಂಡೆ. ನಂದೂ ತಪ್ಪೈತೆ."

ನಯನಾ ಅತ್ತೆಯ ಕೈ ಹಿಡಿದಳು.

ಆಮ್ನಾ ಬಸವಪ್ರಭುವಿಗೆ ಮುಂದಿನ ದಾರಿ ತೋರಿಸಿದಳು. "ಒಂದು ಕಿಲೋಮೀಟರ್ ಹೋಗ್ರಿ. ಅಗಲ ಜಾಗ ಸಿಗತೈತೆ, ಅತ್ತಿ ಮರ ಐತೆ. ಗಾಜು ಏರಿಸ್ಕಂಡು ಸುಮ್ನೆ ಕೂಡ್ರಿ. ಏನೂ ಹಾಕ್ಬ್ಯಾಡ್ರಿ, ಹಾರನ್ ಬ್ಯಾಡ."

ಕೂತರು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಕೊಂಬೆ ಅಲುಗಿತು. ಒಂದು ತಾಯಿಮಂಗ ಹಣ್ಣು ಕಿತ್ತು ಮೂಸಿ ತಿಂದಿತು. ಪಕ್ಕದ ಮರಿ ಅದನ್ನೇ ನೋಡಿ ತಾನೂ ಒಂದು ಕಿತ್ತಿತು. ಕಾಯಿ! ಥೂ ಎಂದು ಉಗುಳಿ ಇನ್ನೊಂದಕ್ಕೆ ಕೈ ಹಾಕಿತು. ತನುಶ್ರೀ ಕಣ್ಣೊರೆಸಿಕೊಂಡು ಕಿಲಕಿಲ ನಕ್ಕಳು. ಅವಳ ನಗು ಕೇಳಿ ನಯನಾಳ ಮುಖವೂ ಸಡಿಲವಾಯಿತು.

"ಹನ್ನೊಂದು ವರ್ಷ ಬಂದೀನಿ," ಎಂದು ಅಜ್ಜಪ್ಪ ಪಿಸುಗುಟ್ಟಿದರು. "ಇವು ಊಟ ಮಾಡಾದು ಇವತ್ತೇ ನೋಡಿದ್ದು. ಇನ್ನು ಒಂದು ಕಾಳೂ ಹಾಕಾದಿಲ್ಲ. ತನೂ ಮೇಲಾಣೆ."

ಅರ್ಧ ಗಂಟೆಯಾದರೂ ಯಾರಿಗೂ ಹೊರಡಲು ಮನಸ್ಸಿಲ್ಲ. ಕೊನೆಗೆ ನಯನಾಳೇ ಮಾತು ತೆಗೆದಳು.

"ಮುಂದಿನ ವರ್ಷ ಇನ್ನೊಂದು ದಿನ ಜಾಸ್ತಿ ಇರಾನ ಅತ್ತೆ. ಆದ್ರೆ ಹೊರಡೋ ಮುಂಚೆ ಮಾವಾರ ಶಾಲು ನಾನೇ ಕೊಡವಿ ಕೊಡ್ತೀನಿ!"

ಸರ್ವಮಂಗಳಮ್ಮನಿಗೆ ನಗುವಿನ ಜೊತೆಗೇ ಕಣ್ಣೀರೂ ಬಂತು.

ಓದುವ ಅಕ್ಕಂದಿರೇ, ಕೇಳುವ ಅಣ್ಣಂದಿರೇ, ನೀವೂ ಕಾಡು ನೋಡಲು ಹೋಗುವವರೇ. ಖಂಡಿತ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಬುತ್ತಿಯನ್ನು ಊಟಕ್ಕೆ ಬಿಟ್ಟಿರುವ ಜಾಗದಲ್ಲೇ ಬಿಚ್ಚಿ, ಉಳಿದದ್ದನ್ನೂ ಕವರನ್ನೂ ಮನೆಗೆ ತನ್ನಿ. ಮಂಗ ಎದುರು ಬಂದು ಕೈಯೊಡ್ಡಿದರೆ ನಿಮ್ಮ ಕರುಳು ಚುರ್ ಎನ್ನಬಹುದು. ಆಗ ಗಾಜು ಏರಿಸಿ ಮುಂದೆ ಸಾಗಿ. ಪಕ್ಕದಲ್ಲಿ ಕೂತವರು ಚೀಲ ಬಿಚ್ಚುವುದು ಕಂಡರೆ ಜಗಳವಾದೀತೆಂದು ಸುಮ್ಮನಿರಬೇಡಿ. ಬೇಡ ಎಂದು ಅಲ್ಲೇ ಹೇಳಿ, ಒಂದು ಮರಿ ಉಳಿಯುತ್ತದೆ.